ಮುಂದಿನ ಸೀಟಿನ ತೂಕ

ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ಮೊಮ್ಮಗಳು ತೆಯೊದೋರಾ ಊಟದ ಮೇಜಿನ ಮೇಲೆ ಒಂದು ಮಾತು ಎಸೆದು ಸುಮ್ಮನೆ ರೊಟ್ಟಿ ಮುರಿಯುತ್ತ ಕೂತಳು.

"ಚರ್ಚಿಗೆ ನಾನು ಕೆಂಪು ಫಿಚಾದಲ್ಲೇ ಹೋಗೋದು. ಬೇರೆ ಕಾರು ತಂದ್ರೆ ಹತ್ತಲ್ಲ."

ಫಿಚಾ ಅಂದರೆ ಒಂದು ಕಾಲಕ್ಕೆ ಮೊರಾವಾ ನದಿಯ ಬಯಲಿನಲ್ಲಿ ಮನೆಗೊಂದರಂತೆ ಇದ್ದ, ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದ, ಕೋಳಿಮೊಟ್ಟೆಯಂತೆ ದುಂಡಗಿನ ಪುಟ್ಟ ಕಾರು. ಈ ಮನೆಯದು ಕಣಜದ ಪಕ್ಕದ ಕೊಟ್ಟಿಗೆಯಲ್ಲಿ ಹಳೇ ಕಂಬಳಿ ಹೊದ್ದು ಮಲಗಿರುತ್ತಿತ್ತು. ಶನಿವಾರ ಬಂದರೆ ಅಜ್ಜಿ ಜಾಗೋರ್ಕಾ ಅದನ್ನು ಎಬ್ಬಿಸಿ, ಮೊಟ್ಟೆ ಬೆಣ್ಣೆ ತುಂಬಿಕೊಂಡು ಸಂತೆಗೆ ಹೋಗಿ ಬರುತ್ತಿದ್ದಳು.

ಮಾತು ಬಿದ್ದದ್ದೇ ತಡ, ತಾತ ಒಬ್ರಾದ್ ಸೂಪಿನ ಚಮಚ ಕೆಳಗಿಟ್ಟ. ಎದುರಿಗಿದ್ದ ತಿಹೋಮಿರನೂ ಇಟ್ಟ. ತಿಹೋಮಿರ್ ಈ ಮನೆಯ ಕೂಮ್. ಒಬ್ರಾದನ ಮದುವೆಗೆ ಸಾಕ್ಷಿ ನಿಂತವನು, ಹುಟ್ಟಿದ ಮಕ್ಕಳಿಗೆ ಹೆಸರಿಟ್ಟವನು. ಆ ಕಡೆ ಒಡಹುಟ್ಟಿದವನ ಜೊತೆ ಮಾತು ಬಿಡಬಹುದು, ಕೂಮನ ಜೊತೆ ಬಿಡುವಂತಿಲ್ಲ. ಹಾಗಾಗಿ ಇವರಿಬ್ಬರೂ ಮಾತು ಬಿಡದೆ ಐವತ್ತು ವರ್ಷದಿಂದ ಜಗಳವಾಡುತ್ತ ಬಂದಿದ್ದರು.

"ಹಾಗಾದ್ರೆ ಓಡಿಸೋನು ನಾನು," ಅಂದ ಒಬ್ರಾದ್. "ನನ್ನ ಗಾಡಿ, ನನ್ನ ಮೊಮ್ಮಗಳು."

"ನೀನು ಓಡಿಸಿದ್ರೆ ಮದುಮಗಳು ಜೋಳದ ಹೊಲದಲ್ಲಿ ಇಳೀತಾಳೆ," ಅಂದ ತಿಹೋಮಿರ್. "ಮದುಮಗಳನ್ನ ಚರ್ಚಿಗೆ ಮುಟ್ಟಿಸೋದು ಕೂಮನ ಹಕ್ಕು ಕಣೋ."

"ಜೋಳಕ್ಕೆ ನುಗ್ಗಿದ್ದು ಯಾರೋ? ಎಪ್ಪತ್ತೆಂಟರಲ್ಲಿ?"

"ಎಪ್ಪತ್ತೊಂಬತ್ತು! ಅದೂ ನೀನೆಬ್ಬಿಸಿದ್ದ ಧೂಳು ಇನ್ನೂ ಕೂತಿರಲಿಲ್ಲ, ಕಣ್ಣೇ ಕಾಣ್ತಿರಲಿಲ್ಲ!"

ಜಾಗೋರ್ಕಾ ಎದ್ದು ಪಾತ್ರೆ ತೆಗೆಯತೊಡಗಿದಳು. ಸಂತೆಗೆ, ಆಸ್ಪತ್ರೆಗೆ, ಗಿರಣಿಗೆ ಆ ಗಾಡಿಯನ್ನು ಓಡಿಸುವವಳು ಅವಳು. ಈ ಮೇಜಿನಲ್ಲಿ ಒಬ್ಬರಾದರೂ "ನೀನು ಓಡಿಸ್ತೀಯೇನೇ?" ಎಂದು ಕೇಳಿದ್ದರೆ ಅವಳು ಒಂದೇ ಉಸಿರಿಗೆ ಹೂಂ ಅನ್ನುತ್ತಿದ್ದಳು. ಎತ್ತಿ ಆಡಿಸಿದ ಮಗು ತೆಯೊದೋರಾ. ಅವಳನ್ನು ಈ ಮನೆಯಿಂದ ಚರ್ಚಿಗೆ ತಲುಪಿಸುವ ಕೈ ತನ್ನದಾಗಬೇಕು ಎಂದು ಅಜ್ಜಿಗೆ ಹೊಟ್ಟೆಯೊಳಗಿಂದ ಆಸೆ. ಆದರೆ ಅವಳೇ ಬಾಯಿಬಿಟ್ಟು ಕೇಳುವುದು? ಕೇಳಿ, ಈ ಇಬ್ಬರು ಒಟ್ಟಿಗೆ ಸೇರಿ ನಗುವುದನ್ನು ನೋಡುವುದು? ಬೇಡಪ್ಪ ಬೇಡ.

ಯಾಕೆಂದರೆ ಆ ಗಾಡಿಯಲ್ಲಿ ಅವಳ ಜಾಗ ಯಾವುದೆಂದು ಊರಿಗೇ ಗೊತ್ತಿತ್ತು.

ಅವರೆಲ್ಲ ಹರೆಯದಲ್ಲಿದ್ದ ಕಾಲಕ್ಕೆ ಗೋಧಿ ಕೊಯ್ದ ಮೇಲೆ ಊರಾಚೆಯ ಬಯಲಿನಲ್ಲಿ ಹುಲ್ಲಿನ ಪಿಂಡಿಗಳನ್ನು ಜೋಡಿಸಿ, ಅಂಕುಡೊಂಕು ದಾರಿ ಮಾಡಿ ಪುಟ್ಟ ಕಾರುಗಳ ಪಂದ್ಯ ನಡೆಸುತ್ತಿದ್ದರು. ಬೆಳಿಗ್ಗೆ ಹಾಲು ಹಾಕಿ ಬಂದ ಗಾಡಿಯೇ ಮಧ್ಯಾಹ್ನ ಪಂದ್ಯದ ಗಾಡಿ. ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆದರೆ ಮುಗಿಯಿತು. ಒಬ್ಬೊಬ್ಬರಾಗಿ ಓಡಬೇಕು, ಗಡಿಯಾರ ಹಿಡಿದವನು ಹೊತ್ತು ಹೇಳುತ್ತಾನೆ. ಪಿಂಡಿ ಬೀಳಿಸಿದರೆ ದಂಡ. ದನದ ಡಾಕ್ಟರು, ಕ್ಷೌರಿಕ ತಿಹೋಮಿರ್, ಬಡಗಿ ಒಬ್ರಾದ್, ಪಾದ್ರಿಯ ಭಾಮೈದ, ಎಲ್ಲರೂ ಭಾನುವಾರದ ಮಟ್ಟಿಗೆ ಶೂರರು.

ಮದುವೆಯಾದ ಮೊದಲ ಬೇಸಿಗೆ ಒಬ್ರಾದ್ ಹೊಸ ಹೆಂಡತಿಗೆ ಉಣ್ಣಿಸಿದ್ದೇ ಉಣ್ಣಿಸಿದ್ದು. ಗಿಣ್ಣಿನ ಕಡುಬು, ಹಂದಿಯ ಹುರಿದ ಕೊಬ್ಬು, ಮೇಲೊಂದು ತಟ್ಟೆ ಪ್ಲಮ್ ಹಣ್ಣು. "ತಿನ್ನೇ, ಇನ್ನೊಂದು ತುಂಡು ತಿನ್ನು." ಇಂಥ ಗಂಡ ಯಾರಿಗುಂಟು ಎಂದು ಜಾಗೋರ್ಕಾ ನೀರು ಸೇದುವ ಹೆಂಗಸರ ಮುಂದೆ ಬೀಗಿದ್ದೂ ಆಯಿತು. ಆಗಸ್ಟ್ ಬಂದಾಗ ಗುಟ್ಟು ಬಯಲಾಯಿತು. ಫಿಚಾದ ಎಂಜಿನ್ ಹಿಂದೆ, ಮೂತಿ ಹಗುರ. ತಿರುವಿನಲ್ಲಿ ಮುಂದಿನ ಚಕ್ರ ನೆಲ ಕಚ್ಚದೆ ಗಾಡಿ ನೆಟ್ಟಗೆ ಹೊಲಕ್ಕೆ ನುಗ್ಗುತ್ತದೆ. ಎಲ್ಲರೂ ಮುಂದಿನ ಡಿಕ್ಕಿಯಲ್ಲಿ ಮರಳಿನ ಮೂಟೆ ಇಡುತ್ತಿದ್ದರು. ಒಬ್ರಾದ್ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಇಟ್ಟ.

"ಮರಳಿನ ಮೂಟೆಗೆ ಕಿವಿ ಇರಲ್ಲ ಕಣೇ," ಎಂದು ಸಮಜಾಯಿಷಿ ಬೇರೆ. "ನೀನಾದ್ರೆ ಹೇಳಿದ ಕಡೆ ವಾಲ್ತೀಯ."

ಅಲ್ಲಿಂದ ಆರು ಬೇಸಿಗೆ ಅವಳು ವಾಲಿದಳು. "ಎಡಕ್ಕೆ ವಾಲು! ಬಲಕ್ಕೆ! ಏಯ್, ಕೂಸು ಹೊತ್ತವಳ ಹಾಗೆ ಯಾಕೆ ಕೂತಿದ್ದೀಯ, ವಾಲು!" ಒಂದು ಬೇಸಿಗೆ ನಿಜಕ್ಕೂ ಕೂಸು ಹೊತ್ತಿದ್ದಳು, ಇಬ್ಬರಿಗೂ ಗೊತ್ತಿರಲಿಲ್ಲ. ಊರವರು ಅವಳನ್ನು ಕಂಡರೆ "ಏನು ತೂಕದಮ್ಮ, ಆರಾಮಾ?" ಎನ್ನುತ್ತಿದ್ದರು.

ಒಬ್ರಾದ್ ಗೆದ್ದದ್ದು ಒಂದೇ ಸಲ. ಆ ಕೊನೆಯ ತಿರುವಿನ ಕಥೆಯನ್ನು ಅವನು ಪ್ರತಿ ಹಬ್ಬದಲ್ಲೂ ಹೇಳುತ್ತಾನೆ, ಗಾಡಿ ಎರಡೇ ಚಕ್ರದ ಮೇಲೆ ಹೋಯಿತಂತೆ, ದನದ ಡಾಕ್ಟರು ಟೋಪಿ ತೆಗೆದು ನಿಂತರಂತೆ. ಆ ಕಥೆಯಲ್ಲಿ ಕುಟುಕುವ ಕಣಜದ ಹುಳು ಬರುವುದಿಲ್ಲ. ತಿರುವಿಗೆ ಸರಿಯಾಗಿ ಕಿಟಕಿಯಿಂದ ನುಗ್ಗಿದ ಹುಳುವನ್ನು ಕಂಡು ಒಬ್ರಾದ್ ಎರಡೂ ಕೈ ಮೇಲೆತ್ತಿ "ಅಯ್ಯಮ್ಮಾ" ಎಂದಿದ್ದು, ಪಕ್ಕದ ಸೀಟಿನ ತೂಕ ಕೈ ಚಾಚಿ ಸ್ಟೀರಿಂಗ್ ಹಿಡಿದು ಪಿಂಡಿಗೆ ಕೂದಲೂ ಸೋಕದಂತೆ ಗಾಡಿ ತಿರುಗಿಸಿದ್ದು, ಅದೂ ಇಲ್ಲ. ಧೂಳಿನಲ್ಲಿ ಯಾರೂ ನೋಡಿರಲಿಲ್ಲ. ಗೆದ್ದು ತಂದ ತಗಡಿನ ಬಟ್ಟಲಲ್ಲಿ ಈಗ ಕೋಳಿಗಳು ನೀರು ಕುಡಿಯುತ್ತವೆ. ಆದರೆ ಆ ಸ್ಟೀರಿಂಗ್ ಅವಳ ಅಂಗೈಯೊಳಗೆ ನಡುಗಿದ ಆ ಗಳಿಗೆ ಮಾತ್ರ ಇನ್ನೂ ಅಲ್ಲೇ, ಅಂಗೈಯಲ್ಲೇ ಇತ್ತು.

ಮೇಜಿನಲ್ಲಿ ಜಗಳ ಬಗೆಹರಿಯಲಿಲ್ಲ. ಕೊನೆಗೆ ತೆಯೊದೋರಾಳೇ ಅಂದಳು: "ಇಬ್ರೂ ಬಯಲಿಗೆ ಬನ್ನಿ. ಒಬ್ಬೊಬ್ರು ಎರಡೆರಡು ಸುತ್ತು. ಯಾರು ಬೇಗ ಬರ್ತೀರೋ ಅವ್ರು ಓಡಿಸಿ."

ಮಾರನೆಯ ದಿನವೇ ಪಂದ್ಯ. ಆದರೆ ಆ ದಿನವೇ ಮನೆಯಲ್ಲಿ ಐವಾರ್, ವರ್ಷಕ್ಕಾಗುವಷ್ಟು ಕಾಯಿಸಿಡುವ ಮೆಣಸಿನ ಚಟ್ನಿ. ಮದುವೆಯೆಂದು ಸೆಪ್ಟೆಂಬರ್ ಕಾಯುವುದಿಲ್ಲ. ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅಂಗಳದ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆಯಲ್ಲಿಟ್ಟು ಸಂಜೆವರೆಗೆ ಕೆದಕುತ್ತಲೇ ಇರಬೇಕು. ಕೈ ನಿಂತರೆ ತಳ ಹಿಡಿಯಿತು ಅಂತಲೇ ಲೆಕ್ಕ. ಕೆದಕಲು ಜಾಗೋರ್ಕಾಳ ಹತ್ತಿರ ತೋಳುದ್ದದ ಒಂದು ಮರದ ಸೌಟು ಇತ್ತು. ಐವಾರ್ ಇಲ್ಲದ ದಿನಗಳಲ್ಲಿ ಅದಕ್ಕೆ ಬೇರೆ ಕೆಲಸ. ಫಿಚಾದ ಹಿಂದಿನ ಮುಚ್ಚಳವನ್ನು ಅರ್ಧ ಎತ್ತಿ ಅದನ್ನು ಅಡ್ಡ ಕೊಟ್ಟರೆ ಎಂಜಿನ್ನಿಗೆ ಗಾಳಿ. ಆ ಸೀಮೆಯಲ್ಲಿ ಬೇಸಿಗೆಯಲ್ಲಿ ಮುಚ್ಚಳ ಮುಚ್ಚಿದ ಫಿಚಾ ಕಂಡರೆ, ಓಡಿಸುವವನು ಪರವೂರಿನವನು ಎನ್ನುತ್ತಿದ್ದರು.

ಬಯಲಿನಿಂದ ತೆಯೊದೋರಾ ಓಡಿ ಬಂದಳು. "ಅಜ್ಜಿ, ಬಾ! ತೂಕ ಇಲ್ದೆ ತಾತ ಶುರು ಮಾಡಲ್ವಂತೆ. ಇಬ್ರಿಗೂ ಒಂದೇ ತೂಕ ಇರ್ಬೇಕಂತೆ."

"ಮೆಣಸಿನಕಾಯಿ ಮೂಟೆ ಹೊತ್ಕೊಂಡು ಹೋಗು."

"ಮೂಟೆ ವಾಲಲ್ವಂತೆ."

ಜಾಗೋರ್ಕಾ ಸೊಸೆಗೆ ಇನ್ನೊಂದು ಸೌಟು ಕೊಟ್ಟು, ತನ್ನದನ್ನು ಯಾರಿಗೂ ಕೊಡದೆ, ಮೆಣಸಿನಕಾಯಿ ತೊಟ್ಟಿಕ್ಕುತ್ತಿದ್ದ ಸೌಟು ಹಿಡಿದೇ ಬಯಲಿಗೆ ನಡೆದಳು.

ಅರ್ಧ ಊರು ನೆರೆದಿತ್ತು. ತಿಹೋಮಿರ್ ಫೋಟೋಗೆ ಚೆನ್ನಾಗಿರಲಿ ಎಂದು ಗಾಡಿಯ ಹಿಂದುಗಡೆಗೆ ಚಕ್ಕಡಿ ಚಕ್ರದಷ್ಟು ದೊಡ್ಡ ಹೂವಿನ ಹಾರ ಬಿಗಿದಿದ್ದ. ಮುಚ್ಚಳ ಗಟ್ಟಿಯಾಗಿ ಮುಚ್ಚಿತ್ತು.

"ಮುಚ್ಚಳ?" ಅಂದಳು ಜಾಗೋರ್ಕಾ.

"ಎತ್ತಿದ್ರೆ ಹಾರ ಜೋತುಬಿದ್ದ ಕೋಳಿ ಹಾಗೆ ಕಾಣುತ್ತೆ ಕೂಮಾ," ಅಂದ ತಿಹೋಮಿರ್. ಕೂಮನ ಮನೆಯ ಹೆಂಗಸನ್ನು ಕರೆಯುವುದು ಹಾಗೆ.

"ಮುಚ್ಚಿದ್ರೆ ಗಾಳಿ ಸೀಳ್ಕೊಂಡು ಹೋಗುತ್ತೆ, ವೇಗ ಜಾಸ್ತಿ," ಅಂದ ಒಬ್ರಾದ್. ಆ ವರ್ಷವೆಲ್ಲ ಇಬ್ಬರೂ ಒಪ್ಪಿದ್ದು ಇದೊಂದೇ ಮಾತು. ಅದೂ ತಪ್ಪು.

"ಎಂಜಿನ್ ಬೇಯುತ್ತೆ."

"ನೀನು ಐವಾರ್ ನೋಡ್ಕೋ ಮುದುಕಿ. ಎಂಜಿನ್ ನಾವು ನೋಡ್ಕೋತೀವಿ."

ಸರಿ ಎಂದು ಅವಳು ಸೌಟನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಜಾಗದಲ್ಲಿ ಕೂತಳು.

ತಿಹೋಮಿರ್ ಓಡಿಸಿದ್ದು ಕ್ಷೌರ ಮಾಡಿದ ಹಾಗೆ, ನಾಜೂಕು. ಪ್ರತಿ ತಿರುವಿಗೂ "ವಾಲ್ತೀರಾ ಕೂಮಾ, ದಯವಿಟ್ಟು" ಎಂದು ಮರ್ಯಾದೆ. ಎರಡನೇ ಸುತ್ತಿನಲ್ಲಿ ಜನರತ್ತ ಕೈ ಬೀಸಲು ಹೋಗಿ ಎರಡು ಪಿಂಡಿ ಉರುಳಿಸಿದ. ಆಮೇಲೆ ಒಬ್ರಾದ್ ಕೂತ. ಬಾಗಿಲು ಹಾಕುವ ಮೊದಲೇ ಗಾಡಿ ಹೊರಟಿತ್ತು. "ವಾಲು! ವಾಲೇ! ನಿನ್ನ ಮೈ ತೂಕ ಎಲ್ಲೋಯ್ತೇ, ಒಣಗಿ ಸುಕ್ಕಾಗಿದ್ದೀಯ!" ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿನ ನಟ್ಟನಡುವೆ ಹಿಂದಿನಿಂದ ಕೊಪ್ಪರಿಗೆ ಕುದಿಯುವ ಸದ್ದು, ಆಮೇಲೆ ಬಿಳಿ ಹಬೆ, ಆಮೇಲೆ ಬೆಂದ ಹೂವಿನ ವಾಸನೆ. ಫಿಚಾ ಎರಡು ಸಲ ಬಿಕ್ಕಳಿಸಿ ನಿಂತಿತು.

ಜನ ಓಡಿ ಬಂದರು. "ನಾನು ಗೆದ್ದೆ!" ಅಂದ ತಿಹೋಮಿರ್. "ನಾನು ಮುಗಿಸ್ದೆ, ನೀನು ಮುಗಿಸ್ಲಿಲ್ಲ."

"ಕಾಯಿಸಿ ಕಾಯಿಸಿ ನನ್ನ ಕೈಗೆ ಕೊಟ್ಟೆ! ಹಾರ ಕಟ್ಟಿದ್ದು ಯಾರು? ಗಾಡಿಗೆ ಹೆಣದ ಅಲಂಕಾರ ಮಾಡ್ದೋನು ಯಾರು?"

"ಗಾಳಿ ಸೀಳುತ್ತೆ ಅಂದೋನು ಯಾರು?"

ಇವರು ಹೀಗೆ ಎದೆಗೆ ಎದೆ ಕೊಟ್ಟು ನಿಂತಿರುವಾಗ ಜಾಗೋರ್ಕಾ ಇಳಿದು ಹಿಂದೆ ಹೋದಳು. ಹಾರ ಕಿತ್ತು ಹುಲ್ಲಿನ ಪಿಂಡಿಯ ಮೇಲೆ ಎಸೆದಳು. ಲಂಗದ ಅಂಚಿನಿಂದ ಮುಚ್ಚಳ ಎತ್ತಿ ಸೌಟು ಅಡ್ಡ ಕೊಟ್ಟಳು. ಹಬೆ ಅಡಗುವವರೆಗೆ ಪಿಂಡಿಯ ಮೇಲೆ ಕೂತು ಹೊಲ ನೋಡಿದಳು. ರೇಡಿಯೇಟರಿನ ಬಿರಡೆಗೆ ಕೈ ಹಾಕಲು ಬಂದ ಒಬ್ಬನ ಕೈಗೆ ಚಟ್ಟನೆ ಹೊಡೆದಳು. "ಮುಖ ಬೇಯಿಸ್ಕೋಬೇಡ. ತಣ್ಣಗಾಗ್ಲಿ." ತಣ್ಣಗಾದ ಮೇಲೆ ತಾನೇ ನೀರು ಹೊಯ್ದಳು. ಜಗಳ ಆಗಲೂ ಎಪ್ಪತ್ತೊಂಬತ್ತರಲ್ಲೇ ಇತ್ತು.

ತೆಯೊದೋರಾ ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿ ಹೋಗಿ ಓಡಿಸುವವರ ಬಾಗಿಲು ತೆಗೆದು, ಒಂದು ಗಳಿಗೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ನಿಂತದ್ದು ಅವಳ ಕಣ್ಣಿಗೆ ಬಿತ್ತು.

"ಅಜ್ಜಿ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ನೀನು ಓಡಿಸ್ತೀಯಾ?"

ಐವತ್ತು ವರ್ಷ ಬರದ ಮಾತು ಹೀಗೆ ಸುಮ್ಮನೆ ಬಂದುಬಿಟ್ಟಿತು. ಜಾಗೋರ್ಕಾ ಹೂಂ ಅನ್ನಬೇಕೆಂದಿದ್ದಳು. ಆದರೆ ಬಾಯಿಂದ ಹೊರಟದ್ದು ಬೇರೆಯೇ.

"ಒಬ್ರಾದ್! ಕೂತ್ಕೋ ಬಾ."

"ಎಲ್ಲಿ?"

"ನನ್ನ ಜಾಗದಲ್ಲಿ. ತೂಕ ಬೇಕು."

ಬಯಲು ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತಿಹೋಮಿರ್, ಅವನೇ ಓಡಿ ಹೋಗಿ ಹೊರಡುವ ಸನ್ನೆಗೆಂದು ಕರವಸ್ತ್ರ ಎತ್ತಿ ಹಿಡಿದ. ಬೇರೆ ದಾರಿ ಕಾಣದೆ ಒಬ್ರಾದ್ ಟೋಪಿ ಒತ್ತಿಕೊಂಡು ಕೂತ. ಕೂತ ತಕ್ಷಣ ಕಾಲ ಮೇಲೆ ಬಿಸಿಗಾಳಿ ಬುಸುಗುಟ್ಟಿತು.

"ಏಯ್, ಹೀಟರ್ ಯಾಕೆ ಹಾಕಿದ್ದೀಯ? ಬೆಂದು ಹೋಗ್ತೀನಿ!"

"ಎಂಜಿನ್ ಬೇಯೋ ಬದ್ಲು ನೀನು ಬೇಯಿ. ಅದರ ಬಿಸಿ ಒಳಗೆ ಬಂದ್ರೆ ಅದಕ್ಕೆ ತಂಪು. ಎಡಕ್ಕೆ ವಾಲು."

ಕರವಸ್ತ್ರ ಇಳಿಯಿತು. ಜಾಗೋರ್ಕಾ ಸಂತೆಯ ದಾರಿಯ ಹೊಂಡಗಳಲ್ಲಿ ಕಲಿತದ್ದನ್ನೆಲ್ಲ ಬಯಲಿಗೆ ಸುರಿದಳು. ಮೊಟ್ಟೆ ಒಡೆಯದಂತೆ ಓಡಿಸುವವಳಿಗೆ ಪಿಂಡಿ ಯಾವ ಲೆಕ್ಕ? ತಿರುವಿಗೆ ಮೊದಲು ಕಾಲು ಎತ್ತುವಳು, ಮೂತಿ ನೆಲ ಕಚ್ಚುವುದು, ಆಮೇಲೆ ಒತ್ತುವಳು. ಕೊನೆಯ ತಿರುವಿಗೆ ಬರುವಾಗ, ಅವಳ ಏಪ್ರನ್ನಿನ ಮೆಣಸಿನ ಸಿಹಿಗೆ ಮರುಳಾಗಿ ಕಿಟಕಿಯಿಂದ ಒಂದು ಕಣಜದ ಹುಳು ಒಳಗೆ ಬಂತು. ಒಬ್ರಾದ್ ಎರಡೂ ಕೈ ಮೇಲೆತ್ತಿ "ಅಯ್ಯಮ್ಮಾ" ಎಂದ. ಹುಳು ಅವಳ ಮೊಣಕೈ ಮೇಲೆ ಕೂತು, ಒಂದು ಸಲ ಚುಚ್ಚಿ, ಹೊರಗೆ ಹೋಯಿತು. ಅವಳ ಕೈ ಸ್ಟೀರಿಂಗ್ ಬಿಡಲಿಲ್ಲ. ಗಾಡಿ ಪಿಂಡಿಯನ್ನು ಸವರಿಕೊಂಡು ತಿರುಗಿತು.

ನಿಂತ ಮೇಲೆ ಒಬ್ರಾದ್ ಬೆವರಿನಲ್ಲಿ ತೊಯ್ದ ಬೆಕ್ಕಿನ ಹಾಗೆ ಇಳಿದ. "ಕಚ್ಚಿದ್ರೂ ಬಿಡ್ಲಿಲ್ಲ ಕಣೋ ಇವ್ಳು," ಅಂದ. "ಆವತ್ತೂ ಹಿಂಗೇ..." ಅಷ್ಟಕ್ಕೆ ಬಾಯಿ ಮುಚ್ಚಿಕೊಂಡ.

"ಆವತ್ತು ಅಂದ್ರೆ ಯಾವತ್ತು?" ಅಂದ ತಿಹೋಮಿರ್, ಕಿವಿ ನಿಮಿರಿಸಿ.

"ಏನಿಲ್ಲ. ಸೆಖೆ."

"ಎಷ್ಟು ಹೊತ್ತಾಯ್ತು, ಹೇಳೇ?" ಎಂದು ಜನ ಮೊಬೈಲ್ ಹಿಡಿದಿದ್ದ ತೆಯೊದೋರಾಳನ್ನು ಮುತ್ತಿದರು. ಅವಳು ಮೊಬೈಲ್ ನೋಡಿದಳು. ಕಿರುಚುವ ಭರದಲ್ಲಿ ನಿಲ್ಲಿಸುವುದನ್ನೇ ಮರೆತಿದ್ದಳು, ಅದು ಇನ್ನೂ ಓಡುತ್ತಲೇ ಇತ್ತು.

"ಗೊತ್ತಿಲ್ಲ," ಅಂದಳು. "ಗೊತ್ತಾಗೋದೂ ಬೇಡ. ಮದುವೆ ನಂದು. ಅಜ್ಜಿ ಓಡಿಸ್ತಾಳೆ."

ಜಾಗೋರ್ಕಾ ಊದಿಕೊಂಡ ಮೊಣಕೈಗೆ ಉಗುಳು ಹಚ್ಚಿಕೊಳ್ಳುತ್ತ, "ಐವಾರ್ ತಳ ಹಿಡಿದಿರುತ್ತೆ," ಎಂದು ಸೌಟು ಕಿತ್ತುಕೊಂಡು ಮನೆಯ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾಗಿ ತಿರುಗಿ ಬಂದು, ಸೌಟನ್ನು ಮತ್ತೆ ಮುಚ್ಚಳಕ್ಕೆ ಕೊಟ್ಟು, ಗಾಡಿ ಹತ್ತಿ ಹೋದಳು. ಇಬ್ಬರು ಮುದುಕರೂ ನಡೆದೇ ಬಂದರು.

ಮದುವೆಯ ದಿನ ಫಿಚಾದ ಹಿಂದೆ ಹಾರವಿರಲಿಲ್ಲ. ಅರ್ಧ ತೆರೆದ ಮುಚ್ಚಳಕ್ಕೆ ಅಡ್ಡ ಕೊಟ್ಟ ಸೌಟಿಗೆ ತಿಹೋಮಿರ್ ಬಿಳಿ ರಿಬ್ಬನ್ ಕಟ್ಟಿದ್ದ, ಅದೇ ಅಲಂಕಾರ. ಮದುಮಗಳು ಬಿಳಿ ಮೋಡದಂತೆ ಹಿಂದಿನ ಸೀಟು ತುಂಬಿಕೊಂಡು ಕೂತಳು. ಹಿಂದೆ ಭಾರವಾದ್ದರಿಂದ ಮೂತಿ ಮೇಲೆದ್ದಿತು. ಯಾರೂ ಕರೆಯದೆ ಒಬ್ರಾದ್ ಬಂದು ಮುಂದಿನ ಸೀಟಿನಲ್ಲಿ ಕೂತ. ಬೆಳಿಗ್ಗೆಯಿಂದ ಅವನು ಮೂರು ತಟ್ಟೆ ಕಡುಬು ತಿಂದಿದ್ದನ್ನು ಜಾಗೋರ್ಕಾ ನೋಡಿದ್ದಳು.

ಕಿಟಕಿಯ ಗಾಜನ್ನು ಅವನು ತುದಿಯವರೆಗೆ ಏರಿಸಿದ. "ಹುಳ ಬರುತ್ತೆ," ಅಂದ.

"ಬರ್ಲಿ ಬಿಡು," ಅಂದಳು ಜಾಗೋರ್ಕಾ. ಗೇರು ಬಿದ್ದಿತು. ಚರ್ಚಿನ ದಾರಿಯ ಮೊದಲ ತಿರುವು ಕಾಣುತ್ತಿತ್ತು.

ಅವಳು ಹೇಳುವ ಮೊದಲೇ ಅವನು ವಾಲಿದ.