ಇರಲಿ

ಆಪರೇಟರಮ್ಮನ ಬಾಯಿಗೆ ಹತ್ತು ದಿನ ಬೀಗ ಬಿದ್ದಿದೆ ಎಂಬ ಸುದ್ದಿ ಬಂದಾಗ ಬೀದಿಯಲ್ಲಿ ಯಾರೂ ನಂಬಲಿಲ್ಲ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿನವರ ಮಾತು ಜೋಡಿಸಿದ ಹೆಂಗಸು ಅವರು. ನಿವೃತ್ತರಾದ ಮೇಲೆ, ಇಷ್ಟು ವರ್ಷ ಬೇರೆಯವರಿಗೆ ಬಿಟ್ಟುಕೊಟ್ಟ ಮಾತನ್ನೆಲ್ಲ ವಸೂಲಿ ಮಾಡುವವರಂತೆ ಬಾಲ್ಕನಿಯಲ್ಲಿ ನಿಂತು ಆಡುತ್ತಿದ್ದರು. ಎದುರಿನ ಬೇಕರಿಯವನಿಗೆ ಬನ್ನು ಬೆಂದ ವಾಸನೆ ಬಂತೆಂದು ಎರಡನೇ ಮಹಡಿಯಿಂದಲೇ ಹೇಳುವುದು, ಸೈಕಲ್ ಅಂಗಡಿಯವನ ಮಗಳ ಪರೀಕ್ಷೆ ಏನಾಯಿತೆಂದು ಕೇಳುವುದು, ಲಿಫ್ಟು ಕೆಟ್ಟಿದೆ ಎಂದು ಹತ್ತುವವರನ್ನು ಮೊದಲೇ ಎಚ್ಚರಿಸುವುದು, ಎಲ್ಲ ಅವರದೇ ಕೆಲಸ.

ಎರಡು ತಿಂಗಳಿಂದ ಆ ದನಿ ಒಡೆದಿತ್ತು. ಗಂಟಲಿನ ಡಾಕ್ಟರು, ನಗುವನ್ನು ಅಳತೆಗೆ ತಕ್ಕಷ್ಟೇ ಖರ್ಚು ಮಾಡುವ ಒಬ್ಬ ಹೆಂಗಸು, ಕೊಳವೆ ಇಳಿಸಿ ನೋಡಿ ಹೇಳಿದರು: "ಎರಡು ಗಂಟು ಇದೆ. ಹತ್ತು ದಿನ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ. ಹನ್ನೊಂದನೇ ದಿನ ಬೆಳಗ್ಗೆ ಹತ್ತಕ್ಕೆ ಬನ್ನಿ, ಮೊದಲನೇ ಮಾತು ನನ್ನೆದುರಿಗೇ ಆಗಬೇಕು. ಕರಗಿದ್ರೆ ಸರಿ. ಇಲ್ಲಾಂದ್ರೆ ಆಪರೇಷನ್ನು. ಆಮೇಲೆ ದನಿ ಹೀಗೇ ಇರುತ್ತೆ ಅಂತ ನಾನು ಹೇಳೋಕಾಗಲ್ಲ."

ಆಪರೇಟರಮ್ಮ ತಲೆಯಾಡಿಸಿದರು. ಎದೆ ಧಸಕ್ಕೆಂದದ್ದು ಪಕ್ಕದಲ್ಲಿ ಕೂತಿದ್ದ ಯಜಮಾನರಿಗೆ.

ಈ ಯಜಮಾನರು ಪತ್ರಿಕೆಯ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಬೀದಿಯವರು ಎದುರಿಗೆ ಯಜಮಾನರೇ ಎನ್ನುತ್ತಿದ್ದರು, ಹಿಂದೆ 'ಕೆಂಪು ಪೆನ್ನು' ಎನ್ನುತ್ತಿದ್ದರು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಅಂಗಿಯ ಜೇಬಿನಿಂದ ಕೆಂಪು ಪೆನ್ನು ಇಳಿದಿರಲಿಲ್ಲ. ಬೆಳಗಿನ ಚಹಾದ ಜೊತೆ ಪತ್ರಿಕೆ ಓದುವುದೆಂದರೆ ಅವರಿಗೆ ತಿದ್ದುವುದೆಂದೇ ಅರ್ಥ. ತಪ್ಪು ಸಿಕ್ಕ ದಿನ ಇನ್ನೊಂದು ಲೋಟ ಚಹಾ ಕೇಳುತ್ತಿದ್ದರು. ಸಿಗದ ದಿನ ಮುಖ ಬಾಡುತ್ತಿತ್ತು.

ಅವರು ಹೆಂಡತಿಯ ಮುಖ ನೋಡುವುದಕ್ಕೆ ಒಂದು ವರ್ಷ ಮೊದಲೇ ದನಿಗೆ ಬಿದ್ದಿದ್ದರು. ದಿನಾ ಸಂಜೆ ಬೇರೆ ಊರಿನ ವರದಿಗಾರರ ಜೊತೆ ಮಾತಾಡಿ ಹೆಸರುಗಳ ಕಾಗುಣಿತ ಖಚಿತ ಮಾಡಿಕೊಳ್ಳುವುದು ಅವರ ಕೆಲಸ. ಟ್ರಂಕ್ ಕಾಲ್ ಹಾಕಿಸಿದರೆ ಅತ್ತಲಿಂದ ಒಂದು ದನಿ ಬರುತ್ತಿತ್ತು: "ಮಾತಾಡಿ, ಲೈನಲ್ಲಿದ್ದಾರೆ." ಮೂರು ನಿಮಿಷಕ್ಕೆ ಸರಿಯಾಗಿ ಅದೇ ದನಿ ನಡುವೆ ತೂರಿ ಕೇಳುತ್ತಿತ್ತು: "ಮೂರು ನಿಮಿಷ ಆಯ್ತು. ಇನ್ನೂ ಬೇಕಾ?" ಕೇಳುವುದೆಲ್ಲ ಮುಗಿದಿದ್ದರೂ ಯಜಮಾನರು "ಬೇಕು" ಎನ್ನುತ್ತಿದ್ದರು. ಅತ್ತ ಕಡೆಯ ವರದಿಗಾರ, ಪಾಪ, ಮುಂದಿನ ಮೂರು ನಿಮಿಷ ತನ್ನ ಊರಿನ ಹವಾಮಾನ ವರ್ಣಿಸುತ್ತಿದ್ದ. ಈ ಕಳ್ಳಾಟವನ್ನು ಆಪರೇಟರಮ್ಮ ಮೂರನೇ ತಿಂಗಳಿಗೇ ಹಿಡಿದಿದ್ದರಂತೆ. ಹೇಳಿದ್ದು ಮದುವೆಯಾದ ಮೇಲೆ.

ಈಗ ಆ ದನಿ ಹೋದರೆ ತನ್ನ ಗತಿಯೇನು ಎಂದು ಯಜಮಾನರು ಮನೆಗೆ ಮರಳಿ ಲಿಫ್ಟು ಹತ್ತಿದಾಗ ಯೋಚಿಸಿದರು. ಯೋಚನೆ ಮುಗಿಯುವ ಮೊದಲೇ ಲಿಫ್ಟು ಎರಡು ಮಹಡಿಯ ನಡುವೆ ನಿಂತಿತು. ಹೆಂಡತಿ ಬಾಯಿ ತೆರೆದರು, ಮುಚ್ಚಿದರು, ಗಂಡನ ಪಕ್ಕೆಗೆ ತಿವಿದರು. "ಲಿಫ್ಟ್ ನಿಂತಿದೆ, ಯಾರಾದ್ರೂ ಇದ್ದೀರಾ" ಎಂದು ಯಜಮಾನರು ಕೂಗಬೇಕಾಯಿತು. ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ಮೊದಲ ದಿನವೇ ಮನೆಯಲ್ಲಿ ಕಾನೂನು ಜಾರಿಯಾಯಿತು. ಲೋಟಕ್ಕೆ ಚಮಚದಿಂದ ಒಂದು ಏಟು ಬಿದ್ದರೆ 'ಬನ್ನಿ', ಇಲ್ಲವೇ 'ಹೂಂ'. ಎರಡು ಬಿದ್ದರೆ 'ಬೇಡ'. ಮೂರು ಬಿದ್ದರೆ 'ಎಲ್ಲಿದ್ದರೂ ಓಡಿ ಬನ್ನಿ'. ಉದ್ದದ ವಿಷಯಕ್ಕೆ ಚೀಟಿ. ಅಲ್ಲೇ ಜಗಳ ಹುಟ್ಟಿತು. ಎರಡನೇ ದಿನ ಆಪರೇಟರಮ್ಮ ಸ್ಟೂಲು ಹತ್ತಿ ಪರದೆ ಸಿಕ್ಕಿಸುತ್ತಿದ್ದರು. ಅಲ್ಲಿಂದ ಅಡುಗೆಮನೆ ಕಂಡಿತು. ಗಡಿಬಿಡಿಯಲ್ಲಿ ಚೀಟಿ ಗೀಚಿ ಕೆಳಗೆ ಕುರ್ಚಿಯಲ್ಲಿದ್ದ ಗಂಡನ ಮಡಿಲಿಗೆ ಎಸೆದರು: 'ಹಾಲು ಉಕ್ತಿದೆ ಸ್ಟೌ ಆರ್ಸಿ.' ಯಜಮಾನರು ಕೆಂಪು ಪೆನ್ನು ತೆಗೆದು 'ಉಕ್ಕುತ್ತಿದೆ' ಎಂದು ತಿದ್ದಿದರು, ನಡುವೆ ಒಂದು ಅಲ್ಪವಿರಾಮ ಹಾಕಿದರು, 'ಆರಿಸಿ' ಎಂದು ಬರೆದು ಚೀಟಿಯನ್ನು ಮೇಲಕ್ಕೆ ಚಾಚಿದರು. ಅಷ್ಟರಲ್ಲಿ ಹಾಲು ಕಟ್ಟೆಯಿಂದ ನೆಲಕ್ಕಿಳಿದು ಬಾಗಿಲವರೆಗೂ ಬಂದಿತ್ತು. ನೆಲ ಒರೆಸಿದವರು ಯಜಮಾನರೇ. ಹೆಂಡತಿ ಸ್ಟೂಲಿನ ಮೇಲೆ ಕೂತು ದನಿಯಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದನಿಯಿಲ್ಲದ ಆ ನಗು ನೋಡಿ ಯಜಮಾನರಿಗೆ ನಗು ಬಂತು, ಹಿಂದೆಯೇ ಮುಖ ತಿರುಗಿಸಿ ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸಿದರು.

ಇಷ್ಟೆಲ್ಲ ಹೇಗೋ ನಿಭಾಯಿಸಬಹುದಿತ್ತು. ದೊಡ್ಡ ಕಷ್ಟ ಬೆಳಗಿನ ಆರೂವರೆಯದು.

ದಿನಾ ಬೆಳಗ್ಗೆ ಆರೂವರೆಗೆ ಆಪರೇಟರಮ್ಮ ಕಿಟಕಿಯ ಪಕ್ಕದ ನೆಟ್ಟನೆಯ ಕುರ್ಚಿಯಲ್ಲಿ ಕೂತು ದೇವರ ಜೊತೆ ಮಾತಾಡುತ್ತಿದ್ದರು. ಗಟ್ಟಿಯಾಗಿ, ಬಿಡಿಸಿ ಬಿಡಿಸಿ. ಗೊಣಗಿದರೆ ಆ ಕಡೆ ಕೇಳಿಸುವುದಿಲ್ಲ ಎಂಬುದು ಅವರ ಅನುಭವ. ಒಬ್ಬೊಬ್ಬರ ವಿಷಯ ಚುಟುಕಾಗಿ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಯಜಮಾನರು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ದೇವರ ಮೇಲೆ ದ್ವೇಷವಿರಲಿಲ್ಲ. ಈ ಲೋಕದಲ್ಲಿ ಇಷ್ಟೊಂದು ತಪ್ಪು ಉಳಿದಿರುವುದು ನೋಡಿದರೆ ಅಚ್ಚಿಗೆ ಹೋಗುವ ಮೊದಲು ಯಾರೂ ಪ್ರೂಫ್ ನೋಡಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು, ಅಷ್ಟೆ. ಹೆಂಡತಿ ಇದನ್ನು ನಲವತ್ತು ವರ್ಷದಿಂದ ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳುವುದು ಬಿಟ್ಟಿದ್ದರು.

ಮೂರನೇ ದಿನ ಬೆಳಗ್ಗೆ ಲೋಟಕ್ಕೆ ಮೂರು ಏಟು ಬಿತ್ತು. ಯಜಮಾನರು ಓಡಿ ಬಂದರು. ಹೆಂಡತಿ ಕುರ್ಚಿ ತೋರಿಸಿದರು. ಕೈಗೆ ಒಂದು ಹಾಳೆ ಕೊಟ್ಟರು. ಇಪ್ಪತ್ತೆರಡು ಸಾಲು.

"ಇದನ್ನ ನಾನು ಓದಬೇಕಾ? ಗಟ್ಟಿಯಾಗಿ?"

ಒಂದು ಏಟು.

"ಮನಸ್ಸಲ್ಲೇ ಹೇಳ್ಕೊಬಾರದಾ ನೀನು? ಹತ್ತು ದಿನ ತಾನೇ?"

ಹೆಂಡತಿ ಬರೆದರು: 'ಹತ್ತು ದಿನ ಲೈನ್ ಡೆಡ್ ಆದ್ರೆ ನಾವು ಮನೆ ಖಾಲಿ ಮಾಡಿದ್ದೀವಿ ಅಂದ್ಕೋತಾನೆ. ಈಗಾಗಲೇ ಎರಡು ದಿನ ಆಗಿದೆ.'

"ನಂಬದೇ ಇರೋನು ಬೇಡ್ಕೊಂಡ್ರೆ ಮೋಸ ಆಗಲ್ವಾ? ಅವನಿದ್ರೂ ಅವನಿಗೆ ಬೇಜಾರಾಗುತ್ತೆ."

ಈ ಸಲ ಹೆಂಡತಿ ಬಹಳ ಹೊತ್ತು ಬರೆದರು. 'ಮೂವತ್ತೆರಡು ವರ್ಷ ನಾನು ಜೋಡಿಸಿದ ಮಾತನ್ನೆಲ್ಲ ನಂಬಿದ್ದೆನೇ? ಆಪರೇಟರ್‌ಗೆ ನಂಬಿಕೆ ಬೇಕಾಗಿಲ್ಲ. ಲೈನನ್ನು ಸರಿಯಾಗಿ ಕೊಡಬೇಕು, ಅಷ್ಟೆ.'

ಯಜಮಾನರು ಚೀಟಿಯನ್ನು ಎರಡು ಸಲ ಓದಿದರು. ತಿದ್ದಲು ಏನೂ ಸಿಗಲಿಲ್ಲ. ಕುರ್ಚಿಯಲ್ಲಿ ಕೂತರು.

ಮೊದಲ ಸಾಲು: 'ಇವರ ಬಿ.ಪಿ.' ಯಜಮಾನರು ಗಂಟಲು ಸರಿಮಾಡಿಕೊಂಡು ಓದಿದರು. ಆಮೇಲೆ ಮಗಳ ಸೊಂಟ, ಅಳಿಯನ ಕೋಪ, ಮೊಮ್ಮಗಳ ಗಣಿತ. ಬೇಕರಿಯವನಿಗೆ ಒಂದು ಒಳ್ಳೆಯ ಹೆಣ್ಣು. ಸೈಕಲ್ ಅಂಗಡಿಯವನ ಮಗಳಿಗೆ ಪಾಸು. ಕೆಳಗಿನ ಮನೆಯ ನಾಯಿಯ ಕಿವಿ. ಎಕ್ಸ್‌ಚೇಂಜಿನಲ್ಲಿ ಜೊತೆಗಿದ್ದ ಏಳು ಹೆಂಗಸರು, ಒಬ್ಬೊಬ್ಬರೂ ಒಂದೊಂದು ಕಾಯಿಲೆಯ ಸಮೇತ. ಲಿಫ್ಟಿಗೆ ಒಳ್ಳೆಯ ಬುದ್ಧಿ. ಓದುತ್ತ ಓದುತ್ತ ಯಜಮಾನರಿಗೆ ರುಚಿ ಹತ್ತಿತು. ಕೊನೆಯ ಸಾಲಿಗೆ ಬಂದಾಗ ನಿಂತರು. ಅಲ್ಲಿ ಇದ್ದದ್ದು ಒಂದೇ ಪದ: 'ಇವರು.' ಮೊದಲ ಸಾಲಿನಲ್ಲೇ ಬಂದಿದೆಯಲ್ಲ, ಪುನರುಕ್ತಿ ಎಂದು ಪೆನ್ನು ತೆಗೆದು ಹೊಡೆದುಹಾಕಿದರು.

ಲೋಟಕ್ಕೆ ಏಟು ಬಿತ್ತು. ಎರಡಲ್ಲ, ಲೆಕ್ಕವಿಲ್ಲದಷ್ಟು. ಹೆಂಡತಿ ಹಾಳೆ ಕಸಿದುಕೊಂಡು ಅಂಚಿನಲ್ಲಿ ಬರೆದರು: 'ಮೊದಲನೇದು ಬಿ.ಪಿ.ಗೆ. ಕೊನೇದು ಸುಮ್ಮನೆ.'

ಯಜಮಾನರು ಹಾಳೆಯನ್ನು ಮತ್ತೆ ತೆಗೆದುಕೊಂಡರು. ಪ್ರೆಸ್ಸಿನಲ್ಲಿ ತಪ್ಪಿ ಹೊಡೆದುಹಾಕಿದ ಪದವನ್ನು ಉಳಿಸಿಕೊಳ್ಳಲು ಒಂದು ಪದ್ಧತಿಯಿದೆ. ಪದದ ಕೆಳಗೆ ಚುಕ್ಕೆ ಇಟ್ಟು ಪಕ್ಕದಲ್ಲಿ 'ಇರಲಿ' ಎಂದು ಬರೆಯಬೇಕು. ಯಜಮಾನರು ಚುಕ್ಕೆಗಳನ್ನು ಇಟ್ಟರು. 'ಇರಲಿ' ಎಂದು ಬರೆದರು. ತಮ್ಮನ್ನು ತಾವೇ ತೆಗೆದುಹಾಕಿ ತಾವೇ ಉಳಿಸಿಕೊಂಡದ್ದು ವೃತ್ತಿಯಲ್ಲಿ ಅದೇ ಮೊದಲು.

ಅಲ್ಲಿಂದ ದಿನಾ ಆರೂವರೆಗೆ ಅವರೇ ಕುರ್ಚಿಯಲ್ಲಿ. ಐದನೇ ದಿನದ ಹೊತ್ತಿಗೆ ಪಟ್ಟಿ ಬಾಯಿಪಾಠ. ಆರನೇ ದಿನ ಬಾಲ್ಕನಿಯಲ್ಲಿ ನಿಂತು ಬೇಕರಿಯವನಿಗೆ "ಏನಪ್ಪ, ಹುಡುಗಿ ಸಿಕ್ಕಳಾ" ಎಂದು ಕೇಳಿಯೇಬಿಟ್ಟರು. ಬೇಕರಿಯವನು ತಬ್ಬಿಬ್ಬಾಗಿ ಎರಡು ಬನ್ನು ಹೆಚ್ಚಿಗೆ ಕಳಿಸಿದ. ಗಂಡ ಹೆಂಡತಿ ಬಿಸಿ ಬನ್ನಿಗೆ ಬೆಣ್ಣೆ ಸವರಿಕೊಂಡು ಬಾಲ್ಕನಿಯಲ್ಲೇ ತಿಂದರು. ಏಳನೇ ದಿನ ನಾಯಿಯ ಕಿವಿ ವಾಸಿಯಾಯಿತು. "ಔಷಧಿ ಹಾಕಿದ್ರಂತೆ" ಎಂದರು ಯಜಮಾನರು. ಹೆಂಡತಿ ಹುಬ್ಬು ಏರಿಸಿದರು. ಆದರೂ ಆ ಸಾಲನ್ನು ಪಟ್ಟಿಯಿಂದ ತೆಗೆಯುವಾಗ ಯಜಮಾನರ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಹತ್ತನೇ ದಿನ ಮಧ್ಯಾಹ್ನ ಹೆಂಡತಿ ಮಲಗಿದ್ದರು. ಚಹಾದ ಕಲೆ, ಬೆಣ್ಣೆಯ ಕಲೆ ಎಲ್ಲ ಆಗಿ ಹಾಳೆ ಓದಲು ಬಾರದಂತಾಗಿತ್ತು. ಯಜಮಾನರು ಮೇಜಿನ ಮುಂದೆ ಕೂತು ಹೊಸ ಹಾಳೆಯಲ್ಲಿ ನಕಲು ಮಾಡತೊಡಗಿದರು. ನಕಲು ಮುಗಿದ ಮೇಲೆ ಅಭ್ಯಾಸ ಬಲದಿಂದ ಮೂಲದ ಜೊತೆ ಹೋಲಿಸಿ ನೋಡಿದರು. ಎಲ್ಲ ಸರಿಯಿತ್ತು. ಆದರೂ ಏನೋ ಸರಿಯಿರಲಿಲ್ಲ. ಮತ್ತೆ ಓದಿದರು. ಮೂರನೇ ಸಲ ಓದುವಾಗ ತಿಳಿಯಿತು.

ಅವಳಿಲ್ಲ.

ಲಿಫ್ಟಿದೆ, ನಾಯಿಯಿತ್ತು, ತಾವಂತೂ ಎರಡೆರಡು ಸಲ. ಗಂಟಲು ನೋಯಿಸಿಕೊಂಡು ಕೂತವಳು ಎಲ್ಲೂ ಇಲ್ಲ. ಅಕ್ಷರಕ್ಕೆ ಒಂದು ದೀರ್ಘ ಬಿಟ್ಟುಹೋದರೆ ನಿದ್ದೆಗಣ್ಣಿನಲ್ಲೂ ಹಿಡಿಯುತ್ತಿದ್ದವರು ತಾವು. ಎಂಟು ದಿನ ಗಟ್ಟಿಯಾಗಿ ಓದಿದರೂ ಇಷ್ಟು ದೊಡ್ಡದು ಬಿಟ್ಟುಹೋದದ್ದು ಕಾಣಲಿಲ್ಲ. ಎಂಟು ದಿನವೇಕೆ, ನಲವತ್ತು ವರ್ಷ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಕೇಳಿದ್ದರಲ್ಲ. ಯಜಮಾನರಿಗೆ ನಾಚಿಕೆಯಾಯಿತು. ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು, ಕೊನೆಯ ಸಾಲಿನ ಕೆಳಗೆ ಸೇರಿಸುವ ಗುರುತು ಹಾಕಿ 'ಇವಳು' ಎಂದು ಬರೆದರು. ಯಾವ ಇವಳು ಎಂದು ಆ ಕಡೆಯವನು ಕೇಳಿದರೆ? ಈ ಮನೆಯಲ್ಲಿ ಇರುವುದು ಒಬ್ಬಳೇ ಇವಳು, ಕೇಳಲಾರ ಎಂದುಕೊಂಡರು. ಮುಂದೆ ಏನು ಬರೆಯಬೇಕೆಂದು ತೋಚಲಿಲ್ಲ. ಗಂಟು ಕರಗಲಿ ಎಂದೇ? ದನಿ ಬರಲಿ ಎಂದೇ? ಯಾವುದೂ ಸಾಲದು ಎನ್ನಿಸಿತು. ಹಾಗೇ ಬಿಟ್ಟರು.

ಹನ್ನೊಂದನೇ ದಿನ ಬೆಳಗ್ಗೆ ಹೆಂಡತಿ ಬೇಗ ಎದ್ದು, ಡಾಕ್ಟರ ಹತ್ತಿರ ಹೋಗಲು ಒಳ್ಳೆಯ ಸೀರೆ ಉಟ್ಟು ತಯಾರಾಗಿದ್ದರು. ಕೈಯಲ್ಲಿ ಲೋಟ, ಚಮಚ. ಮುಖದಲ್ಲಿ ಹೆದರಿಕೆ ಇತ್ತು, ಅದನ್ನು ಮುಚ್ಚಿಡುವ ಗತ್ತೂ ಇತ್ತು. ಯಜಮಾನರು ಕಿಟಕಿಯ ಪಕ್ಕ ಕೂತು ಓದತೊಡಗಿದರು. ಬಿ.ಪಿ., ಸೊಂಟ, ಕೋಪ, ಗಣಿತ. ಕೆಳಗೆ ಬೇಕರಿಯ ಶಟರು ಮೇಲೇರಿದ ಸದ್ದು ಕೇಳಿಸಿತು. ಏಳು ಹೆಂಗಸರು, ಲಿಫ್ಟು. ಕೊನೆಗೆ "ಇವರು" ಎಂದರು. ಹೆಂಡತಿ, ಮುಗಿಯಿತೆಂದು, ಲೋಟ ಕೆಳಗಿಟ್ಟರು.

"ಇವಳು," ಎಂದರು ಯಜಮಾನರು.

ಅಷ್ಟಕ್ಕೇ ನಿಂತರು. ಹತ್ತು ದಿನ ಮಾತು ಬಿಟ್ಟವರು ಯಾರೋ, ಮಾತು ನಿಂತದ್ದು ಯಾರಿಗೋ. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡಲಿಲ್ಲ. ಹೆಂಡತಿ ಹಾಳೆಯ ಕಡೆ ನೋಡಿದರು, ಕೊನೆಯ ಸಾಲಿನ ಕೆಳಗಿನ ಕೆಂಪು ಗುರುತನ್ನು ನೋಡಿದರು, ಗಂಡನ ಮುಖ ನೋಡಿದರು. ಜೋಡಿಸಿಕೊಟ್ಟ ಲೈನಿನಲ್ಲಿ ಮಾತು ಬಾರದೆ ನಿಂತುಬಿಟ್ಟವರನ್ನು ಅವರು ಮೂವತ್ತೆರಡು ವರ್ಷ ಕಂಡಿದ್ದರು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರು ಯೋಚಿಸಬೇಕಾಗಿರಲಿಲ್ಲ.

"ಮಾತಾಡಿ," ಎಂದರು. "ಲೈನಲ್ಲಿದ್ದಾರೆ."

ದನಿ ತೆಳ್ಳಗಿತ್ತು. ಆದರೆ ಎಲ್ಲೂ ಒಡೆದಿರಲಿಲ್ಲ. ಯಜಮಾನರು ತಲೆ ಎತ್ತಿದರು. ಹೆಂಡತಿ ತಮ್ಮ ಬಾಯಿಯನ್ನು ತಾವೇ ಕೈಯಿಂದ ಮುಚ್ಚಿಕೊಂಡು ನಿಂತಿದ್ದರು.

"ಇವಳು ಇರಲಿ," ಎಂದರು ಯಜಮಾನರು, ಆ ಕಡೆಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ. ಅದಕ್ಕಿಂತ ಹೆಚ್ಚಿನದೇನೂ ಅವರ ಬಳಿ ಇರಲಿಲ್ಲ. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಗದರಿದರು: "ಡಾಕ್ಟರು ಹತ್ತು ಗಂಟೆಗೆ ಅಂದಿದ್ರು. ಈಗಿನ್ನೂ ಆರೂ ಮುಕ್ಕಾಲು."

ಹೆಂಡತಿ ಕೈ ಕೆಳಗಿಳಿಸಿದರು. ಹೇಗೂ ಆಜ್ಞೆ ಮುರಿದಾಗಿತ್ತು. ಗೋಡೆಯ ಗಡಿಯಾರದ ಕಡೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಹಳೆಯ ದನಿಯಲ್ಲಿ ಕೇಳಿದರು:

"ಮೂರು ನಿಮಿಷ ಆಯ್ತು. ಇನ್ನೂ ಬೇಕಾ?"

"ಬೇಕು," ಎಂದರು ಯಜಮಾನರು.