ಬಟಾಣಿಗೆ ಬಿಡದ ಸೊಪ್ಪಿನ ಮಡಿ

ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಎಲ್ಲರದೂ ಬಟಾಣಿ ಹೊಲ. ಬಟಾಣಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಬೆಳೆದವರ ಒಲೆಯ ಮೇಲೆ ಪೇಟೆಯ ಪೊಟ್ಟಣದ ಸೂಪು ಕುದಿಯುತ್ತಿತ್ತು. ಮಕ್ಕಳು ಬಿಳಿಚಿಕೊಂಡಿದ್ದರು. ಲೆಂಚೋ ತಾತನ ಮೊಮ್ಮಗಳು ಇರ್ಮಾ ಎರಡು ಸಲ ತರಗತಿಯಲ್ಲೇ ಕುಸಿದಿದ್ದಳು. ರಕ್ತ ಕಡಿಮೆ ಎಂದು ಆರೋಗ್ಯ ಕೇಂದ್ರದವರು ಕಬ್ಬಿಣಾಂಶದ ಔಷಧಿ ಕೊಟ್ಟು, ಸೊಪ್ಪು, ಕಾಳು, ಮೊಟ್ಟೆ ತಿನ್ನಿಸಿ ಎಂದಿದ್ದರು.

ಶಾಲೆಯ ಅಡುಗೆಮನೆಯ ಹಿಂದೆ ಸೊಪ್ಪಿನ ಮಡಿಗಳಿದ್ದವು. ಜಾಗ ತಾತನದು. ಒಂದು ದಿನ ಅವನು ಗುದ್ದಲಿ ಹೊತ್ತು ಬಂದ.

"ನಿಚಾ, ಈ ಕಳೆ ಕಿತ್ತು ಬಟಾಣಿ ಹಾಕ್ತೀನಿ. ಮಗೂಗೆ ಒಳ್ಳೇ ಪೇಟೆ ಸೂಪು ತರಬೇಕು."

ಅಡುಗೆಯ ನಿಚಾ ಊರಿನ ಆರೋಗ್ಯ ಕಾರ್ಯಕರ್ತೆಯೂ ಹೌದು, ಅಣಕಿಸುವುದರಲ್ಲಿ ನಿಸ್ಸೀಮಳೂ ಹೌದು. "ಕುದಿಸಿ, ಕುಡಿಸಿ, ಕುಣಿಸೀ!" ಎಂದು ರೇಡಿಯೋ ಜಾಹೀರಾತಿನ ದನಿ ತೆಗೆದಳು. "ಉಪ್ಪು, ಹಿಟ್ಟು ಬಿಟ್ರೆ ಅದರಲ್ಲೇನಿದೆ ತಾತಾ? ಗಣಿಕೆ ಸೊಪ್ಪು ಇಲ್ಲೇ ಇದೆಯಲ್ಲ."

ತಾತ ನಗಲಿಲ್ಲ. "ಯುದ್ಧದ ಕಾಲದಲ್ಲಿ ಸೈನಿಕರಿಗೆ ಹೆದರಿ ಕಾಡು ಸೇರಿದ್ವಲ್ಲಮ್ಮ, ಹತ್ತು ತಿಂಗಳು ಇದೇ ಸೊಪ್ಪು. ಉಪ್ಪೂ ಇಲ್ಲ. ನನ್ನ ತಂಗಿ ಇದನ್ನೇ ಅಗೀತಾ ಅಗೀತಾ ಕಣ್ಣು ಮುಚ್ಚಿದ್ಲು. ಇರ್ಮಾ ಬಟ್ಟಲಿಗೆ ಇದು ಬೇಡ."

ನಿಚಾ ಅಣಕದ ದನಿ ಬಿಟ್ಟಳು. "ಅವಳನ್ನ ಕೊಂದಿದ್ದು ಹಸಿವು ತಾತಾ. ಸೊಪ್ಪು ಉಳಿಸ್ಕೊಳ್ಳೋಕೇ ನೋಡಿತ್ತು. ಅದೊಂದರ ಕೈಲೇ ಆಗ್ಲಿಲ್ಲ."

"ಬೇಕಾದ್ರೆ ನನ್ನ ಬಟಾಣಿ ಸಾಲಲ್ಲಿ ಹುಟ್ಟೋದನ್ನ ಕಿತ್ಕೋ."

"ಅಲ್ಲಿ ಕೀಟನಾಶಕ ಹೊಡೀತೀಯಲ್ಲ! ವಿಷ ಬೀಳದ ಮಣ್ಣು ಊರಲ್ಲಿ ಇದೊಂದೇ. ಹೋಗ್ಲಿ, ಉಂಡು ಆಮೇಲೆ ಅಗಿ. ಎರಡು ಸೂಪು ಕೊಡ್ತೀನಿ. ಪೇಟೇದು ಯಾವುದು, ನೀನೇ ಹೇಳು."

ಮಕ್ಕಳ ಸಾಲಿನಲ್ಲಿ ಇರ್ಮಾಳ ಪಕ್ಕ ತಾತ ಕೂತ. ಮೊದಲ ಬಟ್ಟಲನ್ನು ಗುಟುಕರಿಸಿ ಮುಖ ಕಿವಿಚಿದ. "ಬರೀ ಉಪ್ಪುನೀರು. ನಿನ್ನ ಕೈರುಚಿ ಗೊತ್ತಾಯ್ತು ಬಿಡೇ!" ಎರಡನೆಯದನ್ನು ರೊಟ್ಟಿಯಿಂದ ತಳದವರೆಗೆ ಬಳಿದ. "ಇದು ನೋಡು ಪೇಟೇದು! ಕಾರ್ಖಾನೆಯವರ ಹತ್ರ ಅಡುಗೆ ಕಲ್ಕೋ!"

"ತಾತಾ," ಎಂದಳು ಇರ್ಮಾ, "ಬೆಳಿಗ್ಗೆ ನಾನೇ ಬಿಡಿಸಿದ ಗಣಿಕೆ ಸೊಪ್ಪು ಅದು. ನಿಚಕ್ಕ ಕುಂಬಳಬೀಜದ ಜೊತೆ ರುಬ್ಬಿ, ಮೊಟ್ಟೆ ಒಡೆದು ಹಾಕಿದ್ರು."

"ಕಾರ್ಖಾನೆಯವರ ಹತ್ರ ಕಲ್ಕೋ!" ನಿಚಾ ತಾತನ ದನಿಯಲ್ಲೇ ಕೆಮ್ಮಿ ಕೂಗಿದಳು. ಅಡುಗೆಮನೆ ತುಂಬ ನಗೆ. ತಾತ ಮಾತ್ರ ಇರ್ಮಾಳ ಬರಿದಾದ ಬಟ್ಟಲನ್ನೇ ನೋಡುತ್ತಿದ್ದ.

"ಅವತ್ತು ಒಂದು ಮೊಟ್ಟೆ ಸಿಕ್ಕಿದ್ರೆ, ಇಷ್ಟು ಉಪ್ಪು ಸಿಕ್ಕಿದ್ರೆ..." ಎಂದು ಕಣ್ಣೊರೆಸಿಕೊಂಡ. ಆಮೇಲೆ, "ನನ್ನ ನಾಲಿಗೇನೇ ನನಗೆ ದ್ರೋಹ ಮಾಡ್ತಲ್ಲೇ! ನನ್ನ ಹಿತ್ತಲಿಗೂ ಬೀಜ ಕೊಡು," ಎನ್ನುತ್ತ ಎಲ್ಲರಿಗಿಂತ ಜೋರಾಗಿ ನಕ್ಕ. ಮಡಿ ಉಳಿಯಿತು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯ ಹಿಂದೆಯೂ ನಾಲ್ಕು ಮೊಳ ಮಣ್ಣಿರಬಹುದು. ಅದಕ್ಕೆ ವಿಷ ಸಿಂಪಡಿಸಬೇಡಿ. ಮಳೆಗಾಲಕ್ಕೆ ಗಣಿಕೆ, ದಂಟು ಹಾಕಿ. ಮಳೆ ನಿಂತ ಮೇಲೆ ಗಜ್ಜರಿ, ಮೂಲಂಗಿ ಹಾಕಿ. ಮಗುವಿಗೆ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸದೆ, ಜೊತೆಗೆ ದಿನವೂ ಸೊಪ್ಪು ಬೇಯಿಸಿ ಕೊಡಿ. ಮಾರುವುದನ್ನು ಮಾರಿ, ಮೊದಲ ಹಿಡಿ ಮಾತ್ರ ನಿಮ್ಮ ಒಲೆಗೇ ಬರಲಿ.