ಇಳಿಸಲು ಇಬ್ಬರು ಬೇಕು

ನನ್ನನ್ನು ಹೆಣೆದವಳು ಕೆಲಸದ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲ. ಬಿದಿರು ಸೀಳುವುದು, ಕತ್ತಿಯಲ್ಲಿ ನಯ ಮಾಡುವುದು, ಬಗ್ಗಿಸಿ ಹೆಣೆಯುವುದು, ಎಲ್ಲ ಮೌನದಲ್ಲೇ. ಅವತ್ತು ಒಂದೇ ಬಿದಿರಿನಿಂದ ಎರಡು ಬುಟ್ಟಿಗಳಾದವು. ಒಂದನ್ನು ಹೂ ಮಾರುವವಳು ಕೊಂಡಳು. ನಾನು ಮೀನು ಮಾರುವ ಬಾಬಿಯ ಪಾಲಾದೆ. ಒಂದು ಸಲ ಮೀನು ಬಿದ್ದ ಮೇಲೆ ನನ್ನಲ್ಲಿ ಯಾರೂ ಬೇರೇನನ್ನೂ ಇಡಲಿಲ್ಲ.

ನಮ್ಮದು ಕುಂದಾಪುರದ ಕಡೆಯ ಕಡಲತೀರ. ಬಾಬಿ ಬಂದರಿನಲ್ಲಿ ಬಂಗುಡೆ ಮೀನು ತುಂಬಿಕೊಂಡು ಮನೆಮನೆ ಸುತ್ತುತ್ತಿದ್ದಳು. ತುಂಬಿದ ನನ್ನನ್ನು ತಲೆಯಿಂದ ಇಳಿಸಲು ಎದುರಿನವರು ಅಂಚು ಹಿಡಿಯಬೇಕು. ಕೊಳ್ಳುವವರು ಹಿಡಿಯುತ್ತಿರಲಿಲ್ಲ, ಕೈ ವಾಸನೆಯಾಗುತ್ತದೆಂದು. ಒಬ್ಬಳೇ ಇಳಿಸಿ ಇಳಿಸಿ ಬಾಬಿ ಕುತ್ತಿಗೆ ಹಿಡಿದು ಹಾಸಿಗೆ ಸೇರಿದಳು.

ಮಗಳು ಸುಗಂಧಿ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ನನ್ನನ್ನು ಹೊತ್ತಳು. "ಕೈ ಕೊಡುವವ್ರಿದ್ದಲ್ಲಿ ಮಾತ್ರ ಇಳ್ಸ್ ಮಗಳೇ. ನನ್ನ ಅವಸ್ಥೆ ಕಂಡಿದ್ಯಲ್ದಾ," ಎಂದಳು ಬಾಬಿ.

ಕೈ ಕೊಡುವವಳು ಒಬ್ಬಳಿದ್ದಳು, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ವಸುಧಾ. ಮೆಟ್ಟಿಲಿಳಿದು ಬಂದು ಅಂಚು ಹಿಡಿಯುತ್ತಿದ್ದಳು. "ದೊಡ್ಡ ಬಂಗ್ಡಿ ಎಲ್ಲ ನಿಮ್ಮನೆಯಲ್ಲೇ ಇಟ್ಟ್ ಬಂದ್ಯಾ?" ಎಂದು ಕೆಣಕುತ್ತಿದ್ದಳು. ಆ ಅಂಗಳದಲ್ಲಿ ಮಾತ್ರ ಸುಗಂಧಿ ತಲೆಯೆತ್ತಿ ನಗುತ್ತಿದ್ದಳು.

ಒಮ್ಮೆ ಗಾಳಿಯೆದ್ದು ಮೂರು ದಿನ ದೋಣಿ ಇಳಿಯಲಿಲ್ಲ. ನಾಲ್ಕನೆಯ ದಿನ ರಾಶಿ ಮೀನು ಬಂತು. ನಮ್ಮ ಕೇರಿಯಲ್ಲಿ ಕ್ಯಾಲೆಂಡರಿಗಿಂತ ಕಡಲನ್ನೇ ನೋಡುವುದು. ಸುಗಂಧಿ ಖುಷಿಯಿಂದ ನೇರ ಆ ಅಂಗಳಕ್ಕೆ ನಡೆದಳು. ಅವತ್ತು ಸಂಕಷ್ಟಿ. ಮನೆತುಂಬ ನೆಂಟರಿದ್ದರು.

"ಸಂಕಷ್ಟಿ ದಿನ ಮೀನ್ ತಂದ್ಯಾ? ನಿಮ್ಮವ್ರಿಗೆ ದಿನ ವಾರ ಎಂತದೂ ಇಲ್ಯಾ?" ವಸುಧಾಳ ಅಮ್ಮ ಕೇಳಿದರು. "ಇನ್ನ್ ಗೇಟಿನ ಹೊರಗೇ ನಿಲ್."

ಅಮ್ಮನ ಹಿಂದೆ ನಿಂತಿದ್ದ ವಸುಧಾ ನೆಲ ನೋಡಿದಳು. ನಾವು ಹೊರಟ ಮೇಲೆ ಅಂಗಳಕ್ಕೆ ನೀರು ಹೊಯ್ದ ಸದ್ದು ಕೇಳಿಸಿತು.

ಈಗ ನನಗೆ ವಯಸ್ಸಾಗಿದೆ. ತಳಕ್ಕೆ ಹಳೆಯ ಬಲೆಯ ಹಗ್ಗ ಬಿಗಿದಿದ್ದಾರೆ. ಧೊಪ್ಪೆಂದು ಇಳಿಸಿದರೆ ಬಿಚ್ಚಿಹೋಗುತ್ತೇನೆ. ನಿನ್ನೆಯಿಂದ ಸುಗಂಧಿಯ ಕುತ್ತಿಗೆಯೂ ತಿರುಗುತ್ತಿಲ್ಲ. ನಾನಾಗಿ ಇಳಿಯಲಾರೆ, ಅವಳೊಬ್ಬಳೇ ಇಳಿಸಲಾರಳು. ಇಷ್ಟು ವರ್ಷ ಒಬ್ಬರಿಗೊಬ್ಬರು ಹೀಗೇ ಸಿಕ್ಕಿಕೊಂಡಿದ್ದೇವೆ.

ಇವತ್ತು ಅದೇ ಗೇಟಿನ ಹೊರಗೆ ನಿಂತಿದ್ದೇವೆ. ಒಳಗೆ ವಸುಧಾ ಒಬ್ಬಳೇ ಬಟ್ಟೆ ಒಣಹಾಕುತ್ತಿದ್ದಾಳೆ. ಸುಗಂಧಿ ಕೇಳಿದಳು:

"ವಸುಧಾ, ಬುಟ್ಟಿ ಇಳ್ಸೂಕೆ ಒಂಚೂರ್ ಕೈ ಕೊಡ್."

ವಸುಧಾ ಗೇಟಿನ ಕಡೆ ಒಮ್ಮೆ ನೋಡಿ, ಇನ್ನೊಂದು ಸೀರೆ ಕೊಡವಿ ತಂತಿಯ ಮೇಲೆ ಹರಡಿದಳು.